ವೆಬ್‌ಸೈಟ್‌ಗೆ ಯಾರು ಬರೆಯಬೇಕು: ನೀವೇನಾ, ಬರಹಗಾರರಾ, ಎಐಯಾ?

ಹೊಸನಗರದ ಕಡೆ ಇರುವ ನಮ್ಮ ಅತ್ತಿಗೆ ಅಪ್ಪೆಮಿಡಿ (ಘಮದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ನೋಡೋಕೆ ಚೆನ್ನಾಗಿತ್ತು, ಫೋಟೊಗಳೂ ಚೆನ್ನಾಗಿದ್ದವು. ಆದರೆ ಸೈಟಿನ ಹೆಸರನ್ನೇ ಪೂರ್ತಿ ಟೈಪ್ ಮಾಡಿದರೆ ಮಾತ್ರ ಗೂಗಲ್‌ನಲ್ಲಿ ಸಿಗುತ್ತಿತ್ತು. ಮಿಡಿ ಉಪ್ಪಿನಕಾಯಿ ಅಂತ ಹುಡುಕಿದವರಿಗೆ ಎಲ್ಲೂ ಕಾಣುತ್ತಿರಲಿಲ್ಲ.

ಮೊದಲ ಪುಟದಲ್ಲಿ ಇದ್ದಿದ್ದು ಇಷ್ಟು: “ನಮ್ಮಲ್ಲಿ ಉತ್ತಮ ಗುಣಮಟ್ಟದ, ರುಚಿಕರವಾದ, ಸಾಂಪ್ರದಾಯಿಕ ಉಪ್ಪಿನಕಾಯಿ ದೊರೆಯುತ್ತದೆ.” ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ವಾಕ್ಯವನ್ನು ಯಾವ ಊರಿನ ಯಾವ ಉಪ್ಪಿನಕಾಯಿಯವರು ಬೇಕಾದರೂ ಬರೆದುಕೊಳ್ಳಬಹುದು, ಅಲ್ವಾ?

“ಈಗ ಏನ್ ಮಾಡ್ಲಿ ಹೇಳು. ದುಡ್ಡು ಕೊಟ್ಟು ಬರೆಸ್ಲಾ, ಆ ಎಐ ಹತ್ರ ಬರೆಸ್ಲಾ, ಇಲ್ಲಾ ನಾನೇ ಕೂತು ಬರೀಲಾ?” ಅಂತ ಅತ್ತಿಗೆ ಕೇಳಿದರು. ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರದವರಿಗೆ ಬರೆದುಕೊಡುವುದು ನನ್ನ ಕೆಲಸ. ಹೋಂಸ್ಟೇ, ನರ್ಸರಿ, ಅಡಿಕೆ ಯಂತ್ರ, ಜೇನುತುಪ್ಪ, ಯಾರೇ ಬಂದರೂ ಕೇಳುವುದು ಇದೇ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಆಯ್ಕೆಗೆ ಮೊದಲು ಒಂದು ಮಾತು. ಗೂಗಲ್‌ನ ಬಾಟ್, ಅಂದರೆ ತಾನಾಗಿ ಸೈಟ್‌ಗಳನ್ನು ಸುತ್ತುವ ಪ್ರೋಗ್ರಾಂ, ನಿಮ್ಮ ಪುಟಕ್ಕೆ ಬಂದು ಓದುತ್ತದೆ, ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ, ಯಾರಾದರೂ ಹುಡುಕಿದಾಗ ಸಾಲಿನಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನಿಸುತ್ತದೆ. ಹಿಂದೆ ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ಮೇಲೆ ಬರಬಹುದಿತ್ತು. ಗೂಗಲ್ ತನ್ನ ಲೆಕ್ಕಾಚಾರ ಬದಲಿಸಿದ 2011ರ ಪಾಂಡಾ ಅಪ್‌ಡೇಟ್‌ನಲ್ಲಿ ಹುರುಳಿಲ್ಲದ ಪುಟಗಳು ಕೆಳಗಿಳಿದವು. 2012ರ ಪೆಂಗ್ವಿನ್ ಅಪ್‌ಡೇಟ್‌ನಲ್ಲಿ ದುಡ್ಡು ಕೊಟ್ಟು ಬೇರೆ ಸೈಟ್‌ಗಳಲ್ಲಿ ತಮ್ಮ ಲಿಂಕ್ ಹಾಕಿಸಿಕೊಂಡವರು ಪೆಟ್ಟು ತಿಂದರು. 2022ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ ‘ಅನುಭವ’ ಅನ್ನುವುದನ್ನೂ ಸೇರಿಸಿತು. ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿದ್ದಾರಾ, ಆ ಜಾಗಕ್ಕೆ ಹೋಗಿದ್ದಾರಾ ಅನ್ನುವುದು ಪುಟದಲ್ಲಿ ಕಾಣಬೇಕು ಅಂತ ಅದರ ಅರ್ಥ. ಮಲೆನಾಡಿನ ಸಣ್ಣ ವ್ಯಾಪಾರದವರಿಗೆ ಇದು ದೊಡ್ಡ ಅನುಕೂಲ. ದುಡ್ಡಿನಲ್ಲಿ ದೊಡ್ಡ ಕಂಪನಿಗಳ ಜೊತೆ ನಾವು ಪೈಪೋಟಿ ಮಾಡೋಕಾಗಲ್ಲ. ಆದರೆ ನಮ್ಮ ತೋಟದ ಮಿಡಿಯ ವಿಷಯ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರಲ್ಲ.

ಹಾಗಾಗಿ ಮೂರು ದಾರಿಗಳನ್ನು ತೂಗುವಾಗ ನಾನು ಮೊದಲು ನೋಡುವುದು ಒಂದೇ: ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ವಿಷಯ ಯಾವ ದಾರಿಯಲ್ಲಿ ಹೋದರೆ ಪುಟದವರೆಗೆ ಉಳಿದುಕೊಂಡು ಬರುತ್ತದೆ?

ನೀವೇ ಬರೆಯುವುದು

ಇದಕ್ಕೆ ದುಡ್ಡು ಬೇಡ, ಸಮಯ ಬೇಕು. ಹೆಚ್ಚಿನವರು “ನಂಗೆ ಬರೆಯೋಕೆ ಬರಲ್ಲ” ಅಂತ ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ಅತ್ತಿಗೆಯೂ ಹಾಗೇ ಅಂದರು. ಆವತ್ತು ಜಗುಲಿಯಲ್ಲಿ ಮಿಡಿ ಆರಿಸುತ್ತಿದ್ದರು. ನಾನು ಫೋನಿನ ರೆಕಾರ್ಡರ್ ಆನ್ ಮಾಡಿ ಮೊರದ ಪಕ್ಕ ಇಟ್ಟು ಸುಮ್ನೆ ಮಾತಾಡಿಸುತ್ತಾ ಕೂತೆ.

“ಅದ್ಯಾಕೆ ಆ ಮಿಡಿ ಪಕ್ಕಕ್ಕೆ ಹಾಕಿದ್ರಿ?”

“ಇದು ಕೆಳಗೆ ಬಿದ್ದಿದ್ದು ಕಣೋ. ತೊಟ್ಟಿಲ್ಲ ನೋಡು. ಇಂಥದ್ದೊಂದು ಸೇರಿದ್ರೆ ಜಾಡಿಯಲ್ಲಿ ಇರೋದೆಲ್ಲಾ ಮೆತ್ತಗಾಗುತ್ತೆ.”

“ತೊಟ್ಟು ಯಾಕೆ ಬೇಕು?”

“ತೊಟ್ಟಿದ್ರೆ ಸೊನೆ ಒಳಗೇ ಇರುತ್ತೆ. ಘಮ ಇರೋದೇ ಸೊನೆಯಲ್ಲಿ. ಮರ ಹತ್ತಿ ಕೊಯ್ದವನು ಗೊಂಚಲನ್ನ ಚೀಲದಲ್ಲಿ ಇಳಿಸ್ಬೇಕು, ಮೇಲಿಂದ ಎಸೀಬಾರದು.”

ಅರ್ಧ ಗಂಟೆಯಲ್ಲಿ ಜೀರಿಗೆ ವಾಸನೆಯ ಮಿಡಿ ಯಾವ ಮರದ್ದು, ಉಪ್ಪಿನಲ್ಲಿ ಮಿಡಿ ಚಿರುಟದೇ ಇದ್ದರೆ ಖಾರ ಯಾಕೆ ಹಾಕಬಾರದು, ಉಪ್ಪುನೀರನ್ನು ಕುದಿಸಿ ಆರಿಸಿ ಅದರಲ್ಲೇ ಸಾಸಿವೆ ಮೆಣಸಿನಕಾಯಿ ರುಬ್ಬುವುದು ಯಾಕೆ, ಎಲ್ಲಾ ಬಂತು. ಅದನ್ನು ಬರಹಕ್ಕೆ ಇಳಿಸಿ, ಒಂದೇ ಮಾತು ಎರಡು ಸಲ ಬಂದಲ್ಲಿ ತೆಗೆದು, ನಡುವೆ ನಾಲ್ಕು ಉಪಶೀರ್ಷಿಕೆ ಹಾಕಿದೆವು. ಪುಟಕ್ಕೆ ಕೊಟ್ಟ ಟೈಟಲ್: “ಮಿಡಿ ಉಪ್ಪಿನಕಾಯಿ ಮೆತ್ತಗಾಗುವುದು ಯಾಕೆ? ಹೊಸನಗರದ ಮನೆಯೊಂದರ ವಿಧಾನ”. ಯಾರಾದರೂ ನಿಜವಾಗಿ ಕೇಳುವ ಪ್ರಶ್ನೆ ಅದು. ಪುಟದ ಮೊದಲ ನಾಲ್ಕು ಸಾಲಿನಲ್ಲೇ ಉತ್ತರ ಇದೆ. ವಿವರ ಬೇಕಾದವರು ಕೆಳಗೆ ಓದುತ್ತಾರೆ, ಕೊಳ್ಳಬೇಕಾದವರಿಗೆ ಅಲ್ಲೇ ಇನ್ನೊಂದು ಪುಟದ ಲಿಂಕ್ ಇದೆ.

ಈ ದಾರಿಯ ತೊಂದರೆ ಏನು? ಮುಂದುವರಿಸುವುದು ಕಷ್ಟ. ಅಡಿಕೆ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತು ಇರಲ್ಲ. ಟೈಟಲ್, ಲಿಂಕ್, ಫೋಟೊದ ವಿವರ ಇವೆಲ್ಲ ಹೊಸಬರಿಗೆ ಗೊತ್ತೂ ಇರಲ್ಲ. ಆದರೂ ವರ್ಷಕ್ಕೆ ಆರೇ ಪುಟ ಬರೆದರೂ ಸಾಕು, ಇಂಥ ಪುಟಗಳಾದರೆ. ಒಂದು ಪುಟಕ್ಕೆ ಇಷ್ಟೇ ಪದ ಇರಬೇಕು ಅನ್ನುವ ಲೆಕ್ಕ ತನ್ನಲ್ಲಿ ಇಲ್ಲ ಅಂತ ಗೂಗಲ್ಲೇ ಹೇಳಿದೆ. ಎರಡು ಸಾವಿರ ಪದ ಆಗಲೇಬೇಕು ಅಂತ ಎಳೆದು ಬರೆಯೋದು ಬೇಡ.

ದುಡ್ಡು ಕೊಟ್ಟು ಬರೆಸುವುದು

ನನ್ನ ಹೊಟ್ಟೆಪಾಡೇ ಇದು. ಹಾಗಾಗಿ ಹುಷಾರಾಗಿ ಹೇಳುತ್ತೇನೆ. ಒಳ್ಳೆಯ ಬರಹಗಾರರು ನಿಮ್ಮ ಸಮಯ ಉಳಿಸುತ್ತಾರೆ. ಜನ ಏನಂತ ಹುಡುಕುತ್ತಾರೆ ಅಂತ ಕೀವರ್ಡ್ ಪ್ಲ್ಯಾನರ್, ಗೂಗಲ್ ಟ್ರೆಂಡ್ಸ್ ಅನ್ನುವ ಗೂಗಲ್‌ನ ಸಾಧನಗಳಲ್ಲಿ ನೋಡಿ ಹೇಳುತ್ತಾರೆ. ಯಾವ ಪುಟ ಮೊದಲು ಬೇಕು, ಯಾವುದು ಆಮೇಲೆ ಅಂತ ಯೋಜನೆ ಹಾಕುತ್ತಾರೆ. ನಾಲ್ಕಾರು ಸಾಮಾನು ಮಾರುವವರಿಗೆ, ಸೀಸನ್ ಇದ್ದಾಗ ಬಿಡುವೇ ಇಲ್ಲದವರಿಗೆ ಈ ದಾರಿ ಸರಿ.

ಆದರೆ ಪದಕ್ಕೆ ಇಷ್ಟು ಅಂತ ದರ ಹಾಕಿ, ನಿಮ್ಮ ಜೊತೆ ಒಂದು ಸಲವೂ ಮಾತಾಡದೆ ಬರೆಯುವವರ ಹತ್ತಿರ ಬರೆಸಬೇಡಿ. ಅವರು ಬೇರೆ ನಾಲ್ಕು ಸೈಟ್ ನೋಡಿ ಐದನೆಯದನ್ನು ಬರೆಯುತ್ತಾರೆ. ಆಗಲೇ ಇರುವ ನಾಲ್ಕನ್ನು ಬಿಟ್ಟು ನಿಮ್ಮದನ್ನು ಗೂಗಲ್ ಯಾಕೆ ಮೇಲೆ ತರಬೇಕು?

ಆಗುಂಬೆ ದಾರಿಯಲ್ಲಿ ಹೋಂಸ್ಟೇ ನಡೆಸುವ ನನ್ನ ಗೆಳೆಯ ಹೀಗೇ ಒಂದು ಕಂಪನಿಗೆ ಕೊಟ್ಟಿದ್ದ. ಮೂವತ್ತು ದಿನದಲ್ಲಿ ಮೊದಲ ಸ್ಥಾನ ಗ್ಯಾರಂಟಿ ಅಂದಿದ್ದರಂತೆ. ಅವರು ಮೂವತ್ತು ಪುಟ ಮಾಡಿಕೊಟ್ಟರು. ಬಿಚ್ಚಿ ನೋಡಿದರೆ ಮೂವತ್ತರಲ್ಲೂ ಒಂದೇ ಬರಹ, ಊರಿನ ಹೆಸರು ಮಾತ್ರ ಬೇರೆ. ತೀರ್ಥಹಳ್ಳಿಯಲ್ಲಿ ಹೋಂಸ್ಟೇ, ಕೊಪ್ಪದಲ್ಲಿ ಹೋಂಸ್ಟೇ, ಶೃಂಗೇರಿಯಲ್ಲಿ ಹೋಂಸ್ಟೇ. ಅವನಿಗಿರುವುದು ಒಂದೇ ಮನೆ! ಇಂಥವನ್ನು ಡೋರ್‌ವೇ ಪುಟ ಅನ್ನುತ್ತಾರೆ, ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲೇ ಇದು ತಪ್ಪು. ಅವುಗಳಲ್ಲಿ ಇಪ್ಪತ್ತೊಂಬತ್ತನ್ನು ಅಳಿಸುವುದರಲ್ಲೇ ನಮ್ಮದು ಒಂದು ವಾರ ಹೋಯಿತು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಅಂತ ಗೂಗಲ್ ಸ್ಪಷ್ಟವಾಗಿ ಹೇಳಿದೆ. ಒಳ್ಳೆಯ ಕೆಲಸವೂ ಫಲ ಕಾಣೋಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಗ್ಯಾರಂಟಿ ಅಂದ ಕೂಡಲೇ ಎದ್ದು ಬನ್ನಿ.

ಬರಹಗಾರರನ್ನು ಆರಿಸುವಾಗ ಒಂದು ಪುಟ ಮಾತ್ರ ಬರೆಸಿ, ಅದಕ್ಕೆ ದುಡ್ಡು ಕೊಡಿ. ಬಂದ ಪುಟದಲ್ಲಿ ನಿಮ್ಮ ಊರಿನ ಹೆಸರು ತೆಗೆದು ಸಕಲೇಶಪುರ ಅಂತ ಹಾಕಿ ಓದಿ. ಆಗಲೂ ಎಲ್ಲಾ ಸರಿ ಅನ್ನಿಸಿದರೆ ಆ ಪುಟ ನಿಮ್ಮದಲ್ಲ. “ಹಸಿರು ಬೆಟ್ಟಗಳ ನಡುವೆ ಮಂಜಿನ ಮುಸುಕಿನಲ್ಲಿ” ಅನ್ನುವುದು ಸಕಲೇಶಪುರಕ್ಕೂ ಹೊಂದುತ್ತದೆ. “ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಿಂದ ಆಟೊ ಸಿಗುತ್ತದೆ, ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ದಾರಿ, ಮಳೆಗಾಲದಲ್ಲಿ ಸಣ್ಣ ಕಾರು ಗೇಟಿನ ಹತ್ತಿರವೇ ನಿಲ್ಲಿಸಬೇಕು, ನಾವು ಜೀಪು ಕಳಿಸುತ್ತೇವೆ” ಅನ್ನುವುದು ನನ್ನ ಗೆಳೆಯನ ಮನೆಗೆ ಮಾತ್ರ ಹೊಂದುತ್ತದೆ.

ಎಐ, ಅನುವಾದದ ಆ್ಯಪ್

ಎಐ ಬರೆದದ್ದನ್ನು ಗೂಗಲ್ ಒಪ್ಪುವುದೇ ಇಲ್ಲ ಅಂತ ಕೆಲವರು ಹೆದರಿಸುತ್ತಾರೆ. ಅದು ನಿಜವಲ್ಲ. ಹೇಗೆ ತಯಾರಾಯಿತು ಅನ್ನುವುದಕ್ಕಿಂತ ಓದುವವರಿಗೆ ಉಪಯೋಗ ಇದೆಯಾ ಅನ್ನುವುದು ಮುಖ್ಯ ಅಂತ 2023ರ ಫೆಬ್ರವರಿಯಲ್ಲೇ ಗೂಗಲ್ ಹೇಳಿತ್ತು. 2024ರ ಮಾರ್ಚ್‌ನಲ್ಲಿ ತಂದ ನಿಯಮ ಬೇರೆ. ಮೇಲೆ ಬರಬೇಕು ಅಂತಲೇ ರಾಶಿ ರಾಶಿ ಪುಟ ಹುಟ್ಟಿಸುವುದು ತಪ್ಪು, ಯಂತ್ರ ಬರೆದರೂ ಅಷ್ಟೇ, ಮನುಷ್ಯರು ಬರೆದರೂ ಅಷ್ಟೇ.

ನನ್ನ ತಕರಾರು ಬೇರೆ ಕಡೆ. ಒಬ್ಬ ಅಂಗಡಿಯವರಿಗಾಗಿ ಅಪ್ಪೆಮಿಡಿಯ ಬಗ್ಗೆ ಬರೆದುಕೊಡು ಅಂತ ಒಂದು ಎಐಗೆ ಹೇಳಿ ನೋಡಿದ್ದೆ. ಕನ್ನಡ ತಪ್ಪಿಲ್ಲದೆ ಇತ್ತು. ಆದರೆ ಮಾಗಿದ ಸಿಹಿ ಹಣ್ಣನ್ನು ಹೋಳು ಮಾಡುವುದರಿಂದ ಶುರು ಮಾಡಿತ್ತು! ನಮ್ಮ ಕಡೆಯ ಯಾವ ಹೆಂಗಸು ಓದಿದರೂ ಎರಡನೇ ಸಾಲಿಗೇ ಪುಟ ಮುಚ್ಚುತ್ತಾರೆ. ಅನುವಾದದ ಆ್ಯಪ್‌ಗೆ ಇಂಗ್ಲಿಷ್ ಪುಟ ಕೊಟ್ಟಾಗ ಟೆಂಡರ್ ಮ್ಯಾಂಗೋ ಅನ್ನುವುದು ‘ಕೋಮಲ ಮಾವು’ ಆಯಿತು. ಕೋಮಲ ಮಾವಿನ ಉಪ್ಪಿನಕಾಯಿ ಅಂತ ಯಾರು ಹುಡುಕುತ್ತಾರೆ? ಮಿಡಿ ಅನ್ನುವ ಎರಡಕ್ಷರ ಹೋಯಿತು ಅಂದರೆ ಗಿರಾಕಿಯೂ ಹೋದ ಹಾಗೆ.

ಹಾಗಂತ ನಾನು ಅದನ್ನು ಬಳಸದೇ ಇಲ್ಲ. ಅತ್ತಿಗೆಯ ರೆಕಾರ್ಡಿಂಗನ್ನು ಬರಹಕ್ಕೆ ಇಳಿಸಿದ್ದೇ ಎಐ. ಮಲೆನಾಡಿನ ಮಾತು ಅಲ್ಲಲ್ಲಿ ತಪ್ಪಾಗಿ ಕೇಳಿಸಿಕೊಂಡಿತ್ತು, ತಿದ್ದಿದೆವು. “ಈ ಪುಟ ಓದಿದವರಿಗೆ ಇನ್ನೇನು ಪ್ರಶ್ನೆ ಬರಬಹುದು?” ಅಂತ ಕೇಳಿದರೆ ಒಳ್ಳೆಯ ಪಟ್ಟಿ ಕೊಡುತ್ತದೆ. ನಮ್ಮ ಮಾತನ್ನು ಅದು ಜೋಡಿಸಿಕೊಡಲಿ. ಮಾತೇ ಅದರದ್ದಾಗುವುದು ಬೇಡ.

ಮೂರರಲ್ಲಿ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇದು. ಅತ್ತಿಗೆಯ ಹಾಗೆ ಒಂದೇ ಸಾಮಾನು, ಒಬ್ಬರೇ ಮಾಡುವವರು ಇದ್ದರೆ ನೀವೇ ಮಾತಾಡಿ, ಮನೆಯ ಹುಡುಗರು ಎಐ ಹಿಡಿದು ಬರಹಕ್ಕೆ ಇಳಿಸಲಿ. ಹೋಂಸ್ಟೇಯಂಥ ವ್ಯವಹಾರಕ್ಕೆ, ಎರಡು ಭಾಷೆಯಲ್ಲಿ ಹತ್ತು ಪುಟ ಬೇಕಾದಲ್ಲಿ, ಬರಹಗಾರರನ್ನು ಇಟ್ಟುಕೊಳ್ಳಿ. ಅವರು ನಿಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿಯಲೇಬೇಕು ಅನ್ನಿ. ಎಐ ಒಂದನ್ನೇ ನಂಬುವ ದಾರಿಯನ್ನು ನಾನು ಯಾರಿಗೂ ಹೇಳಲ್ಲ.

ಕನ್ನಡವಾ, ಇಂಗ್ಲಿಷಾ?

ಜನ ಇದನ್ನು ಅಭಿಮಾನದ ಪ್ರಶ್ನೆ ಮಾಡಿಕೊಳ್ಳುತ್ತಾರೆ. ನನಗೆ ಇದು ಗಿರಾಕಿ ಯಾರು ಅನ್ನುವ ಪ್ರಶ್ನೆ. ಅಡಿಕೆ ಬೆಳೆಗಾರರಿಗೆ ಸುಲಿಯುವ ಯಂತ್ರ ಮಾರುತ್ತೀರಾ? ಕನ್ನಡದಲ್ಲೇ ಬರೆಯಿರಿ. ಅಡಿಕೆಯ ಬಗೆಗಳನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಮಂಡಿಯಲ್ಲಿ ಹೇಳುವ ಹಾಗೇ ಬರೆಯಿರಿ. ದೂರದ ಪ್ರವಾಸಿಗರಿಗೆ ಕೊಠಡಿ ಕೊಡುತ್ತೀರಾ? ಇಂಗ್ಲಿಷ್ ಮೊದಲು, ಕನ್ನಡ ಜೊತೆಗೆ. ಉಪ್ಪಿನಕಾಯಿಗೆ ಎರಡೂ ಬೇಕು. ಊರು ಬಿಟ್ಟು ಹೋದ ನಮ್ಮವರು ಮಿಡಿ ಅಂತಲೇ ಹುಡುಕುತ್ತಾರೆ, ಬೇರೆಯವರು ಟೆಂಡರ್ ಮ್ಯಾಂಗೋ ಪಿಕಲ್ ಅನ್ನುತ್ತಾರೆ.

ಎರಡು ಭಾಷೆಯನ್ನು ಒಂದೇ ಪುಟದಲ್ಲಿ ಕಲಸಬೇಡಿ. ಬೇರೆ ಬೇರೆ ಪುಟ ಮಾಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ. ಸೈಟ್ ಮಾಡಿದ ಹುಡುಗನಿಗೆ ಎಚ್‌ರೆಫ್‌ಲ್ಯಾಂಗ್ ಹಾಕು ಅಂದರೆ ಅರ್ಥವಾಗುತ್ತದೆ. ಯಾವ ಪುಟ ಯಾವ ಭಾಷೆಯದ್ದು ಅಂತ ಗೂಗಲ್‌ಗೆ ಹೇಳುವ ಗುರುತು ಅದು.

ಕನ್ನಡದಲ್ಲಿ ಬರೆಯುವವರು ತಪ್ಪದೆ ನೋಡಬೇಕಾದ ಒಂದು ವಿಷಯ ಇದೆ. ನನ್ನ ಕಣ್ಣಿಗೆ ಹೆಚ್ಚು ಬೀಳುವ ತಪ್ಪೂ ಇದೇ. ನಮ್ಮ ಪ್ರೆಸ್‌ಗಳಲ್ಲಿ ಪಾಂಪ್ಲೆಟ್, ಮದುವೆ ಕಾಗದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲೇ ತಯಾರಾಗುತ್ತವೆ. ಆ ಫೈಲಿನಿಂದ ಕಾಪಿ ಮಾಡಿ ಸೈಟಿಗೆ ಹಾಕಿದರೆ ‘ಅಡಿಕೆ’ ಅನ್ನುವುದು ಒಂದು ಹಿಡಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕೂರುತ್ತದೆ. ಫಾಂಟ್ ಹಾಕಿ ಕಣ್ಣಿಗೆ ಕನ್ನಡ ಕಾಣುವ ಹಾಗೆ ಮಾಡಿದರೂ ಒಳಗೆ ಇರುವುದು ಅದೇ. ಗೂಗಲ್ ಓದುವುದು ಒಳಗಿರುವುದನ್ನು. ಹಾಗಾಗಿ ಒಳಗೂ ಕನ್ನಡ ಅಕ್ಷರವೇ ಉಳಿಯುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಫೋನಿನಲ್ಲಿರುವ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಬರುವುದು ಯೂನಿಕೋಡೇ. ಹಳೆಯ ಬರಹ ಇದ್ದರೆ ಕನ್ವರ್ಟರ್‌ನಲ್ಲಿ ಹಾಕಿ, ಒತ್ತಕ್ಷರ ಸರಿ ಇದೆಯಾ ನೋಡಿ. ಪಾಂಪ್ಲೆಟ್ಟನ್ನು ಫೋಟೊ ಹೊಡೆದು ಹಾಕಿದರೆ ಸಾಕು ಅಂದುಕೊಂಡವರೂ ಇದ್ದಾರೆ. ಬೆಲೆ, ವಿಳಾಸ, ವಿಧಾನ ಎಲ್ಲಾ ಅಕ್ಷರವಾಗಿಯೇ ಪುಟದಲ್ಲಿ ಇರಲಿ.

ಕೀವರ್ಡ್, ಅಂದರೆ ಜನ ಹುಡುಕುವ ಪದಗಳ ವಿಷಯದಲ್ಲೂ ಕನ್ನಡದ ದಾರಿ ಬೇರೆ. “ಆಗುಂಬೆ ಹೋಂಸ್ಟೇ ಬೆಲೆ” ಅಂತ ಜನ ಹುಡುಕುತ್ತಾರೆ ಅಂತ ಅದನ್ನೇ ವಾಕ್ಯದೊಳಗೆ ತುರುಕಿದರೆ ಕನ್ನಡವೇ ಮುರಿಯುತ್ತದೆ. ನಮ್ಮ ಮಾತಿನಲ್ಲಿ ಆಗುಂಬೆಗೆ, ಆಗುಂಬೆಯಲ್ಲಿ, ಆಗುಂಬೆಯಿಂದ ಅಂತ ಬರುತ್ತದೆ, ಹಾಗೇ ಬರಲಿ. ಹುಡುಕುವ ರೂಪ ಟೈಟಲ್‌ನಲ್ಲಿ ಒಂದು ಸಲ ಇದ್ದರೆ ಸಾಕು. ಟೈಟಲ್ ಚಿಕ್ಕದಾಗಿರಲಿ, ಉದ್ದ ಇದ್ದರೆ ಮೊಬೈಲಿನಲ್ಲಿ ಕತ್ತರಿಸಿ ತೋರಿಸುತ್ತದೆ. ಪುಟದ ಕೋಡಿನೊಳಗೆ ಇರುವ ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ ಪದ ತುಂಬಿಸಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದನ್ನು ಲೆಕ್ಕಕ್ಕೆ ಇಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಊರಿನ ಹೆಸರಿಗೂ ಎರಡು ರೂಪ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಶಿವಮೊಗ್ಗ ಅಂತಲೇ ಆಗಿದೆ. ಆದರೂ ಶಿಮೊಗಾ ಅಂತ ಟೈಪ್ ಮಾಡುವವರು ಈಗಲೂ ಇದ್ದಾರೆ. ಇಂಗ್ಲಿಷ್ ಪುಟದಲ್ಲಿ ಹಳೆಯ ಹೆಸರೂ ಒಂದು ಕಡೆ ಬರಲಿ.

ಸೈಟಾ, ಮ್ಯಾಪಾ?

ಇದು ಬೇಗ ಮುಗಿಯುತ್ತದೆ. ಗಿರಾಕಿ ನಿಮ್ಮ ಬಾಗಿಲಿಗೆ ಬರುತ್ತಾರೆ ಅಂದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪಿನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರ) ಮೊದಲು, ಸೈಟ್ ಆಮೇಲೆ. ಅದಕ್ಕೆ ದುಡ್ಡಿಲ್ಲ. ಮ್ಯಾಪಿನಲ್ಲಿ ಯಾರು ಮೇಲೆ ಬರುತ್ತಾರೆ ಅನ್ನುವುದಕ್ಕೆ ಹುಡುಕಿದ್ದಕ್ಕೆ ಹೊಂದುತ್ತದಾ, ಎಷ್ಟು ದೂರ, ಎಷ್ಟು ಹೆಸರುವಾಸಿ ಅನ್ನುವ ಮೂರು ಲೆಕ್ಕ. ಅಂಗಡಿಯ ಹೆಸರಿನ ಮುಂದೆ ‘ಆಗುಂಬೆಯ ಬೆಸ್ಟ್’ ಅಂತ ಸೇರಿಸುವುದು ನಿಯಮಕ್ಕೆ ವಿರುದ್ಧ, ಬೋರ್ಡಿನಲ್ಲಿ ಇರುವ ಹೆಸರನ್ನೇ ಹಾಕಿ. ಬರೀ ಕೊರಿಯರ್‌ನಲ್ಲಿ ಕಳಿಸುವವರಿಗೆ, ಗಿರಾಕಿಯನ್ನು ಮುಖಾಮುಖಿ ನೋಡದವರಿಗೆ ಈ ಪ್ರೊಫೈಲ್ ಸಿಗಲ್ಲ. ಅವರಿಗೆ ಸೈಟೇ ಗತಿ, ಅದರ ಬರಹವೇ ಗತಿ.

ಹೊಸ ಪುಟವಾ, ಹಳೆಯದನ್ನು ತಿದ್ದುವುದಾ?

ತಿಂಗಳಿಗೆ ನಾಲ್ಕು ಹೊಸ ಪುಟ ಹಾಕಿ ಅಂತ ಸಲಹೆ ಕೊಡುವವರು ಜಾಸ್ತಿ. ನಾನು ಹಳೆಯದನ್ನು ತಿದ್ದಿ ಅನ್ನುತ್ತೇನೆ. ಸಿಗಂದೂರನ್ನೇ ನೋಡಿ. ಅಲ್ಲಿಗೆ ಹೋಗುವವರೆಲ್ಲ ವರ್ಷಗಟ್ಟಲೆ ಕೇಳುತ್ತಿದ್ದದ್ದು ಹಿನ್ನೀರು ದಾಟಿಸುವ ದೋಣಿ, ಲಾಂಚ್ ಎಷ್ಟು ಹೊತ್ತಿಗೆ, ಕಾರು ಹತ್ತಿಸುತ್ತಾರಾ, ಸಂಜೆ ಕೊನೆಯ ಲಾಂಚ್ ಯಾವಾಗ ಅಂತ. ಸಾಗರದ ಕಡೆಯ ಹೋಂಸ್ಟೇಗಳೆಲ್ಲ ಅದನ್ನು ಬರೆದುಕೊಂಡಿದ್ದವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಕಾಯುವುದೇ ಬೇಡ, ಗಾಡಿ ನೇರವಾಗಿ ಹೋಗುತ್ತದೆ. ಲಾಂಚ್ ಸಮಯ ನೋಡಿಕೊಂಡು ಹೊರಡಿ ಅಂತ ಇನ್ನೂ ಹೇಳುವ ಪುಟವನ್ನು ಓದಿದವರು ಆ ಸೈಟಿನ ಬೇರೆ ಮಾತನ್ನು ನಂಬುತ್ತಾರಾ? ಶಿವಮೊಗ್ಗಕ್ಕೆ ಬರುವ ದಾರಿ ಬರೆದು ಸೋಗಾನೆಯ ವಿಮಾನ ನಿಲ್ದಾಣದ ಹೆಸರನ್ನೇ ಎತ್ತದ ಪುಟಗಳೂ ಇವೆ. ವಿಮಾನ ಹಾರಾಟ ಶುರುವಾಗಿದ್ದು 2023ರ ಆಗಸ್ಟ್‌ನಲ್ಲೇ.

ತಾರೀಖು ಮಾತ್ರ ಬದಲಿಸಿ ಹೊಸದು ಅಂತ ತೋರಿಸಬೇಡಿ. ದಾರಿ ಬದಲಾದಾಗ, ಬೆಲೆ ಬದಲಾದಾಗ, ಸೀಸನ್ ಮುಗಿದಾಗ ಬರಹವನ್ನೇ ತಿದ್ದಿ. ಇದು ಊರಲ್ಲೇ ಇರುವವರಿಂದ ಆಗುವ ಕೆಲಸ, ದೂರದ ಕಂಪನಿಯಿಂದ ಆಗಲ್ಲ. ಹಾಗಾಗಿ ಬರಹ ಯಾರದ್ದೇ ಆಗಿರಲಿ, ಸೈಟಿನ ಲಾಗಿನ್ ಮಾತ್ರ ನಿಮ್ಮ ಕೈಯಲ್ಲೇ ಇರಬೇಕು. ಒಪ್ಪಂದ ಮಾಡುವ ದಿನವೇ ಇಸಿದುಕೊಳ್ಳಿ.

ಕೊನೆಗೆ, ಆರಿಸಿದ ದಾರಿ ಸರಿ ಇತ್ತಾ ಅಂತ ನೋಡಲು ಗೂಗಲ್ ಸರ್ಚ್ ಕನ್ಸೋಲ್ ಇದೆ. ಅದಕ್ಕೂ ದುಡ್ಡಿಲ್ಲ. ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಅದರಲ್ಲಿ ಇರುತ್ತದೆ. ದಿನಾ ನೋಡಿದರೆ ಗಾಬರಿಯಾಗುತ್ತದೆ, ತಿಂಗಳಿಗೊಮ್ಮೆ ನೋಡಿ ಸಾಕು.

ಅತ್ತಿಗೆಯ ಸೈಟಿನ ಪಟ್ಟಿಯನ್ನು ಮೊನ್ನೆ ಒಟ್ಟಿಗೆ ಕೂತು ನೋಡಿದೆವು. ಮೆತ್ತಗಾಗುವ ಪ್ರಶ್ನೆಯಿಂದ ಜನ ಬರುತ್ತಿದ್ದಾರೆ. ಜೊತೆಗೆ ನಾವಿಬ್ಬರೂ ಯೋಚಿಸದ ಒಂದು ಸಾಲು ಇತ್ತು: “ಮಿಡಿ ಉಪ್ಪಿನಕಾಯಿ ಮೇಲೆ ಬಿಳಿ ಬಂದರೆ”. ಅತ್ತಿಗೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಒದ್ದೆ ಸೌಟು ಹಾಕಿರ್ತಾರೆ, ಇನ್ನೇನು. ರೆಕಾರ್ಡ್ ಹಾಕು, ಹೇಳ್ತೀನಿ.”